ಮುಂಗಡ ಕೊಟ್ಟ ಮುಡಿ

ಪರೀಕ್ಷೆಗೆ ಹೆದರಬೇಕಾದವರು ಕೆಲಸ ಬಾರದವರು. ನನಗೇಕೆ ಹೆದರಿಕೆ? ಕೊಳ್ಳೇಗಾಲದ ಒಂದು ನರ್ಸಿಂಗ್ ಹೋಮಿನಲ್ಲಿ ಹದಿನಾಲ್ಕು ವರ್ಷದಿಂದ ಸ್ಟಾಫ್ ನರ್ಸ್ ನಾನು. ಕರೆಂಟು ಹೋದಾಗಲೂ ಬೆರಳಲ್ಲಿ ಸವರಿಯೇ ನರ ಹುಡುಕಿ ಡ್ರಿಪ್ ಹಾಕಿದವಳು. ಡಾಕ್ಟರು ಬಂದು ತಲುಪುವಷ್ಟರಲ್ಲಿ ಹೆರಿಗೆ ಮಾಡಿಸಿ, ಕೈ ತೊಳೆದು, ಕಾಫಿ ಕುಡಿಯುತ್ತಾ ಕೂತವಳು. ಇಂಥವಳ ಮುಂದೆ ಒಂದು ಕಂಪ್ಯೂಟರ್ ಇಟ್ಟು, ನಾಲ್ಕು ಉತ್ತರ ಕೊಟ್ಟು, ಸರಿಯಾದದ್ದನ್ನು ಒತ್ತಮ್ಮಾ ಎಂದರೆ ಅದನ್ನೂ ಒಂದು ಪರೀಕ್ಷೆ ಎನ್ನುತ್ತಾರೆಯೇ? ಹಾಗೆಂದುಕೊಂಡೇ ನಾನು ಮೊದಲ ಸಲ ಫೇಲಾದದ್ದು.

ನನ್ನ ಹೆಸರು ಮಹದೇವಮ್ಮ. ಅದರಲ್ಲೇನೂ ವಿಶೇಷವಿಲ್ಲ. ಬೆಟ್ಟದ ಮಾದಪ್ಪನ ಕೃಪೆಯಿಂದ ನಮ್ಮ ಕಡೆ ಮನೆಗೊಬ್ಬಳು ಮಹದೇವಮ್ಮ, ಇಬ್ಬರು ಮಾದಪ್ಪ, ಒಬ್ಬ ಮಾದೇಶ ಇದ್ದೇ ಇರುತ್ತಾರೆ. ಹನೂರು ಬಸ್ ಸ್ಟ್ಯಾಂಡಿನಲ್ಲಿ ನಿಂತು "ಮಾದಪ್ಪಾ" ಎಂದು ಒಮ್ಮೆ ಕೂಗಿದರೆ ಅರ್ಧ ಬಸ್ಸು ಇಳಿದು ಬರುತ್ತದೆ. ಈ ಸಂಗತಿ ಮುಂದೆ ಬೇಕಾಗುತ್ತದೆ, ಅದಕ್ಕೆ ಹೇಳಿದೆ.

ಪರೀಕ್ಷೆ ಯಾವುದೆಂದರೆ, ಗಲ್ಫಿನಲ್ಲಿ ನರ್ಸ್ ಆಗುವವರು ಅಲ್ಲಿನ ಲೈಸೆನ್ಸಿಗಾಗಿ ಬರೆಯಬೇಕಾದದ್ದು. ಅಲ್ಲಿನ ಆಸ್ಪತ್ರೆಯೊಂದು ನನಗೆ ಕೆಲಸ ಕೊಡಲು ಒಪ್ಪಿ ಪತ್ರ ಕಳಿಸಿತ್ತು. ಲೈಸೆನ್ಸ್ ಒಂದು ಬಂದರೆ ಹೊರಟೆ. ನನಗೆ ಹೋಗಲೇಬೇಕಿತ್ತು, ಅದನ್ನು ಮುಚ್ಚಿಡುವುದೇನು? ಹನೂರಿನ ಗೊಬ್ಬರದಂಗಡಿ ನಾಗರಾಜುವಿನ ಹೆಂಡತಿ, ಶಾಗ್ಯದ ಚಿಕ್ಕತಾಯಮ್ಮನ ಸೊಸೆ, ಇಪ್ಪತ್ತು ಹಾಸಿಗೆಯವರಿಗೆಲ್ಲ "ಇವ್ಳೇ, ಸಿಸ್ಟರೇ". ಈ ಮೂರೂ ಅಲ್ಲದೆ ನಾನಾಗಿಯೇ ಗೆದ್ದು ತಂದ ಒಂದು ಕಾಗದ ನನ್ನ ಹೆಸರಿನಲ್ಲಿ ಇರಬೇಕು ಎಂದು ಜೀವ ಒದ್ದಾಡುತ್ತಿತ್ತು.

ಮೊದಲ ಪರೀಕ್ಷೆ ಬರೆದು ಬಂದ ಮೂರನೇ ದಿನ ನಮ್ಮ ಡಾಕ್ಟರು ಕರೆದರು. "ರಿಸಲ್ಟ್ ಬರೋ ಹೊತ್ತಿಗೆ ನಾನು ಮಗಳ ಊರಿಗೆ ಹೋಗಿರ್ತೀನಿ ಸಿಸ್ಟರ್. ನಿಮ್ಮ ಸೆಂಡಾಫು ಈಗಲೇ ಮುಗಿಸಿಬಿಡೋಣ" ಎಂದರು.

ಮಾನ ಇದ್ದವಳಾಗಿದ್ದರೆ ಬೇಡವೆನ್ನಬೇಕಿತ್ತು. "ಆಗಲಿ ಸಾರ್, ರಿಸಲ್ಟಲ್ಲಿ ಹೊಸದೇನಿರುತ್ತೆ" ಎಂದೆ ನಾನು!

ಶಾಲು ಹೊದಿಸಿದರು. ಗಂಧದ ಹಾರ ಹಾಕಿದರು. ಒಂದು ಗೋಡೆ ಗಡಿಯಾರ ಕೊಟ್ಟರು. ಅದರ ಗಾಜಿನ ಮೇಲೆ ಕೆಂಪು ಅಕ್ಷರದಲ್ಲಿ "ಸಿಸ್ಟರ್ ಮಹದೇವಮ್ಮನವರಿಗೆ ಪ್ರೀತಿಯ ಬೀಳ್ಕೊಡುಗೆ" ಎಂದು ಬರೆಸಿದ್ದರು. "ಕೊಳ್ಳೇಗಾಲದ ರೇಷ್ಮೆಯ ಹಾಗೆ ನಮ್ಮ ಮಹದೇವಮ್ಮನವರೂ ಇಂದು ವಿದೇಶಕ್ಕೆ ರಫ್ತಾಗುತ್ತಿದ್ದಾರೆ" ಎಂದು ಡಾಕ್ಟರು ಭಾಷಣ ಮಾಡಿದರು. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎಲ್ಲರಿಗೂ ಮೈಸೂರ್ ಪಾಕ್ ಹಂಚಿದೆ.

ಆ ವಾರವೇ ರಿಸಲ್ಟ್ ಬಂತು. ಫೇಲು! ರಫ್ತಾದ ಮಾಲು ವಾಪಸು.

ಮರುದಿನ ಡ್ಯೂಟಿಗೆ ಹೋದೆ. ಹೋಗದೆ ಏನು ಮಾಡಲಿ? ಡಾಕ್ಟರು ಮಗಳ ಊರಿನಿಂದ ಬಂದ ಮೇಲೆ ನಾಚಿಕೆಗೆ ಗಡಿಯಾರವನ್ನು ಹಿಂದಿರುಗಿಸಲು ಹೋದರೆ ಅವರು ದೊಡ್ಡ ಮನಸ್ಸು ಮಾಡಿ ಅದನ್ನು ನನ್ನ ಡ್ಯೂಟಿ ಟೇಬಲ್ಲಿನ ಮೇಲೆಯೇ ಮೊಳೆ ಹೊಡೆಸಿ ನೇತುಹಾಕಿಸಿದರು. ರೋಗಿಯ ಜೊತೆ ಬಂದ ಪ್ರತಿಯೊಬ್ಬರೂ ಟೈಮ್ ನೋಡುತ್ತಿದ್ದರು, ಕೆಂಪಕ್ಷರ ಓದುತ್ತಿದ್ದರು, ಆಮೇಲೆ ನನ್ನ ಮುಖ ನೋಡುತ್ತಿದ್ದರು. "ಯಾವತ್ತು ಓಯ್ತೀರಿ ಸಿಸ್ಟರೇ?" ದಿನಕ್ಕೆ ಹತ್ತು ಸಲ ಈ ಪ್ರಶ್ನೆಗೆ ನಾನು ಥರ್ಮಾಮೀಟರ್ ಒದರುತ್ತಾ ಉತ್ತರ ಕೊಡಬೇಕಾಯಿತು.

ಫೇಲಾದದ್ದು ಎಲ್ಲಿ ಎಂದು ಅವರೇ ಒಂದು ಪಟ್ಟಿ ಕಳಿಸಿದ್ದರು. ಔಷಧಿ ಜ್ಞಾನ, ಪರವಾಗಿಲ್ಲ. ತುರ್ತು ಚಿಕಿತ್ಸೆ, ಉತ್ತಮ. ರೋಗಿಯ ಸುರಕ್ಷತೆ, ಕಳಪೆ. ಕಳಪೆ! ಹದಿನಾಲ್ಕು ವರ್ಷ ಒಂದು ಜೀವವೂ ಕೈತಪ್ಪಿ ಹೋಗದಂತೆ ನೋಡಿಕೊಂಡವಳಿಗೆ ಸಮುದ್ರದಾಚೆ ಕೂತ ಕಂಪ್ಯೂಟರು ಕಳಪೆ ಅನ್ನುತ್ತದೆ!

ತಪ್ಪಿದ್ದೆಲ್ಲ ಒಂದೇ ಜಾತಿಯ ಪ್ರಶ್ನೆಗಳು. ಔಷಧಿ ಕೊಡುವ ಮೊದಲು ರೋಗಿ ಇವರೇ ಎಂದು ಹೇಗೆ ಖಚಿತಪಡಿಸಿಕೊಳ್ಳುವಿರಿ? ಹಾಸಿಗೆ ನಂಬರಿನಿಂದಲೋ, ಸಂಬಂಧಿಕರನ್ನು ಕೇಳಿಯೋ, ಮುಖ ಪರಿಚಯದಿಂದಲೋ, ಅಥವಾ ಪ್ರತಿ ಸಲವೂ ಹೆಸರು, ಹುಟ್ಟಿದ ದಿನ ಎರಡನ್ನೂ ಅವರ ಬಾಯಿಂದಲೇ ಹೇಳಿಸಿ, ಕೈಪಟ್ಟಿಯೊಂದಿಗೆ ತಾಳೆ ನೋಡಿಯೋ? ನಾನು ಮುಖ ಪರಿಚಯಕ್ಕೆ ಒತ್ತಿದ್ದೆ. ಅದು ಇಲ್ಲದ ಕಡೆ ಸಂಬಂಧಿಕರಿಗೆ. ಅದೂ ಇಲ್ಲದ ಕಡೆ ಹಾಸಿಗೆ ನಂಬರಿಗೆ.

ನೀವೇ ಹೇಳಿ, ಹೆಸರು ಕೇಳಿ ಮಾಡುವುದೇನು? ನಮ್ಮ ವಾರ್ಡಿನಲ್ಲಿ "ಮಾದೇವಮ್ಮ ಯಾರು?" ಎಂದರೆ ಮೂರು ಹಾಸಿಗೆಯಿಂದ ಕೈ ಏಳುತ್ತದೆ, ಟ್ರೇ ಹಿಡಿದ ನಾನು ನಾಲ್ಕನೆಯವಳು. ಇನ್ನು ಹುಟ್ಟಿದ ದಿನ! ನಮ್ಮ ಕಡೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಯಾರ ಮಗುವಾದರೂ ಸರಿ, ಜೂನ್ ಒಂದು ಎಂದು ಬರೆದುಕೊಂಡು ಕೈತೊಳೆದುಕೊಳ್ಳುತ್ತಿದ್ದರು. ಶಾಲೆಗೇ ಹೋಗದವರನ್ನು ಕೇಳಿದರೆ "ನಮ್ ಕೆಂದಸ ಕರ ಆಕಿದ್ ವರ್ಸ ಕನವ್ವ" ಎನ್ನುತ್ತಾರೆ. ಇದನ್ನು ಕೈಪಟ್ಟಿಯೊಂದಿಗೆ ತಾಳೆ ನೋಡುವುದು ಹೇಗೆ? ಹಸುವನ್ನು ಕರೆಸಬೇಕೇ?

ಆದರೂ ಮತ್ತೆ ಬರೆಯಲು ನಿಂತೆ. ಆ ಆಸ್ಪತ್ರೆಯವರು ಇನ್ನೊಂದೇ ಅವಕಾಶ, ಇದೂ ತಪ್ಪಿದರೆ ಕೆಲಸ ಬೇರೆಯವರಿಗೆ ಎಂದು ತಿಳಿಸಿದ್ದರು. ಆನ್‌ಲೈನ್ ಕೋಚಿಂಗಿಗೆ ಸೇರಿದೆ. ಅಲ್ಲಿ ಪಾಠ ಮಾಡುವ ಹುಡುಗಿ ಒಂದು ಸೂಜಿಯನ್ನಾದರೂ ಯಾರಿಗಾದರೂ ಚುಚ್ಚಿದ್ದಾಳೋ ಇಲ್ಲವೋ, "ಅನುಭವ ಮರೆತುಬಿಡಿ ಮೇಡಂ, ಪುಸ್ತಕ ನಂಬಿ" ಎಂದು ನನಗೆ ಬುದ್ಧಿ ಹೇಳುತ್ತಿದ್ದಳು. "ಮನೆಯಲ್ಲಿ ದಿನಾ ಅಭ್ಯಾಸ ಮಾಡಿ, ಬಾಯಿಗೆ ಬರುವವರೆಗೂ ಮಾಡಿ" ಎಂದಳು.

ಮಾಡಿದೆ. ಮೊದಲು ಗಂಡನಿಂದ ಪ್ರಶ್ನೆ ಕೇಳಿಸಿಕೊಂಡೆ. ನಾಗರಾಜು ಅಂಗಡಿಯಲ್ಲಿ ಗೊಬ್ಬರದ ಮೂಟೆಯ ಮೇಲೆ ಕೂತು, ಪುಸ್ತಕ ದೂರ ಹಿಡಿದು, ಔಷಧಿಯ ಪ್ರಮಾಣ ಲೆಕ್ಕ ಹಾಕುವ ಪ್ರಶ್ನೆ ಓದಿದರು. ನಾನು ಉತ್ತರ ಹೇಳುವ ಮೊದಲೇ "ಇದೇನ್ ಮಾದೇವಿ ಇಷ್ಟ್ ಕಷ್ಟ ಪಡ್ತೀಯ? ಲೀಟ್ರಿಗೆ ಎರಡ್ ಎಂಎಲ್ ಆಕು, ಎಂಥ ಉಳನೂ ನಿಲ್ಲಲ್ಲ" ಎಂದರು. ಅಲ್ಲಿಗೆ ಅವರ ಕೋಚಿಂಗ್ ನಿಲ್ಲಿಸಿದೆ.

ಆಮೇಲೆ ಅತ್ತೆಯನ್ನು ಹಿಡಿದೆ. ಅತ್ತೆ ಚಿಕ್ಕತಾಯಮ್ಮನಿಗೆ ಬಿಪಿ ಇದೆ. ದಿನಾ ಬೆಳಿಗ್ಗೆ ಮಾತ್ರೆ ಕೊಡುವವಳು ನಾನೇ. ಆ ದಿನ ನೆಟ್ಟಗೆ ನಿಂತು, ತಟ್ಟೆಯಲ್ಲಿ ಮಾತ್ರೆ ಹಿಡಿದು, "ನಿಮ್ಮ ಪೂರ್ಣ ಹೆಸರು ಮತ್ತು ಹುಟ್ಟಿದ ದಿನ ಹೇಳಿ" ಎಂದೆ.

ಅತ್ತೆ ಬಾಯಿ ಬಿಟ್ಟುಕೊಂಡು ನೋಡಿದರು. "ಏನವ್ವ?"

"ನಿಮ್ಮ ಹೆಸರು ಹೇಳದೆ ಮಾತ್ರೆ ಕೊಡೋ ಹಾಗಿಲ್ಲ."

ಅತ್ತೆ ಎದ್ದು ಸೀದಾ ಜಗುಲಿಗೆ ಹೋದರು. ಬೀದಿಗೆಲ್ಲ ಕೇಳುವಂತೆ, "ನೋಡ್ರವ್ವ! ಅದಿನೆಂಟ್ ವರ್ಸ ನನ್ ಮನೆ ಅನ್ನ ಉಂಡು ಇವತ್ತು ನಿನ್ ಎಸ್ರೇನು ಅಂತ ಕೇಳ್ತಾವ್ಳೆ ನನ್ ಸೊಸೆ! ಗಲ್ಪಿಗೋಗಕ್ಕೆ ಮುಂಚೇನೆ ನನ್ನ ಮರ್ತವ್ಳೆ!" ಎಂದರು. ಎದುರು ಮನೆಯವರು ಬಂದು ನನ್ನ ಹಣೆ ಮುಟ್ಟಿ ಜ್ವರ ನೋಡಿದರು. ಅತ್ತೆ ಎರಡು ದಿನ ಮಾತ್ರೆ ನುಂಗಲಿಲ್ಲ. ಬಿಪಿ ಏರಿ ತಲೆ ಸುತ್ತಿ ಕೂತರು. ರೋಗಿಯ ಸುರಕ್ಷತೆಯ ಅಭ್ಯಾಸ ಮಾಡಿ ಮನೆಯಲ್ಲಿದ್ದ ಒಬ್ಬಳೇ ರೋಗಿಯನ್ನು ಮಲಗಿಸಿದೆ!

ಅತ್ತೆ ಒಳ್ಳೆಯವರೇ, ಆದರೆ ಹಳೇ ಕಾಲದವರು ಎಂದು ನನಗೊಂದು ತಾತ್ಸಾರ. ಸೊಸೈಟಿಯಲ್ಲಿ ರೇಷನ್ ತರಲು ಹೋದಾಗ ಅವರ ಹೆಬ್ಬೆರಳನ್ನು ಮಿಷನ್ ಹಿಡಿಯದಿದ್ದರೆ, ಬೆರಳನ್ನು ಎಣ್ಣೆ ಹಚ್ಚಿದ ತಲೆಗೆ ಗಸಗಸ ಉಜ್ಜಿ ಮತ್ತೆ ಒತ್ತುತ್ತಾರೆ. "ಏನತ್ತೆ ಇದು, ಅಸಹ್ಯ" ಎಂದು ನಾನು ಪಕ್ಕಕ್ಕೆ ತಿರುಗಿ ನಿಲ್ಲುತ್ತಿದ್ದೆ. ಓದಿದವಳಲ್ಲವೇ!

ತಲೆಸುತ್ತು ನಿಂತ ಮೇಲೆ ಅತ್ತೆಯೇ ಕರೆದು ಕೂರಿಸಿಕೊಂಡರು. "ನೋಡ್ ಕೂಸೇ, ನಿಂಗೆ ಓದಿದ್ದು ತಲೆಗತ್ಬುಟ್ಟದ. ಬೆಟ್ಟದಪ್ಪಂಗೆ ಅರ್ಕೆ ಕಟ್ಕಂಡಿವ್ನಿ. ನೀ ಪಾಸಾದ್ರೆ ಬಂದು ಮುಡಿ ಕೊಡ್ತಳೆ ಅಂತ ಏಳಿವ್ನಿ" ಎಂದರು. ನನ್ನ ಜಡೆ ಸೊಂಟದವರೆಗೆ ಇತ್ತು. ನನ್ನ ಜಡೆಯನ್ನು ನನ್ನನ್ನೇ ಕೇಳದೆ ಹರಕೆ ಹೊತ್ತಿದ್ದರು. ಹೂಂ ಎಂದೆ.

ಮನೆಯಲ್ಲಿ ನಡೆಯದ ಅಭ್ಯಾಸವನ್ನು ವಾರ್ಡಿನಲ್ಲಿ ನಡೆಸಿದೆ. ಪ್ರತಿ ಹಾಸಿಗೆಯ ಮುಂದೆ ನಿಂತು ಹೆಸರು, ಊರು, ಹುಟ್ಟಿದ ದಿನ. ಜನ ನಕ್ಕರು. ಜೊತೆಯ ನರ್ಸ್ ಸ್ಟೆಲ್ಲಾ "ಅಕ್ಕಾ, ಜನಗಣತಿಗೆ ಬಂದ ಹಾಗಿದ್ದೀರ" ಎಂದಳು. ನಾನೂ ಒಳಗೊಳಗೇ ನಗುತ್ತಲೇ ಕೇಳುತ್ತಿದ್ದೆ. ಇದೆಲ್ಲ ಆ ಹೊರದೇಶದವರಿಗಾಗಿ ಕಟ್ಟಿದ ವೇಷ ಎಂದೇ ನನ್ನ ಭಾವನೆ.

ಒಂದು ಬೆಳಿಗ್ಗೆ ಏಳನೇ ಹಾಸಿಗೆಯ ಮಹದೇವಮ್ಮನಿಗೆ ಇನ್ಸುಲಿನ್ ಕೊಡಬೇಕಿತ್ತು. ಸಿರಿಂಜ್ ಎಳೆದುಕೊಂಡು ಹೋದೆ. ಆಕೆ ಗೋಡೆಗೆ ತಿರುಗಿ ಮುಸುಕೆಳೆದು ಮಲಗಿದ್ದಳು. ಕೈ ಎಳೆದು ಸ್ಪಿರಿಟ್ ಒರೆಸಿ, ಅಭ್ಯಾಸಕ್ಕೆಂದು "ಹೆಸರೇನವ್ವ, ಯಾವೂರು?" ಎಂದೆ.

"ಮಾದೇವಮ್ಮ. ಅಜ್ಜೀಪುರ" ಎಂದಿತು ಮುಸುಕು.

ಏಳನೇ ಹಾಸಿಗೆಯವಳು ಯಳಂದೂರಿನವಳು.

"ನಿಂಗೆ ಸಕ್ಕರೆ ಕಾಯಿಲೆ ಇದೆಯಾ?"

"ನಂಗ್ಯಾಕವ್ವ? ಅದು ಆವಮ್ಮಂಗೆ. ಫ್ಯಾನ್ ಗಾಳಿಗೆ ಸೀತ ಆಯ್ತದೆ ಅಂತ ಆ ಮೂಲೆಗೋಯ್ತು, ನಂಗೆ ಸೆಕೆ ಅಂತ ಇಲ್ಗೆ ಬಂದಿ. ನಾ ನೆನ್ನೆಯಿಂದ ಒಂದ್ ತುತ್ತೂ ಉಂಡಿಲ್ಲ, ವಾಂತಿ."

ಒಂದು ತುತ್ತು ಉಣ್ಣದ, ಸಕ್ಕರೆ ಕಾಯಿಲೆ ಇಲ್ಲದ ಹೆಂಗಸಿಗೆ ಅಷ್ಟು ಇನ್ಸುಲಿನ್ ಕೊಟ್ಟಿದ್ದರೆ ಏನಾಗುತ್ತಿತ್ತೆಂದು ಬರೆಯುವುದೂ ಬೇಡ. ಸಿರಿಂಜನ್ನು ಟ್ರೇಯಲ್ಲಿಟ್ಟು ಡ್ಯೂಟಿ ರೂಮಿಗೆ ಬಂದು ಗಡಿಯಾರದ ಕೆಳಗೆ ಕೂತೆ. ಆ ದಿನ ಯಾರಿಗೂ ಹೇಳಲಿಲ್ಲ, ಸ್ಟೆಲ್ಲಾಳಿಗೂ. ಈ ಹದಿನಾಲ್ಕು ವರ್ಷದಲ್ಲಿ ಎಷ್ಟು ಮಹದೇವಮ್ಮಂದಿರು ಗಾಳಿಗೆಂದು ಹಾಸಿಗೆ ಬದಲಿಸಿದ್ದರೋ, ನಾನು ಮುಖ ಪರಿಚಯದ ಮೇಲೆ ಎಷ್ಟು ಸೂಜಿ ಚುಚ್ಚಿದ್ದೆನೋ! ಇಷ್ಟು ದಿನ ಕಾಪಾಡಿದ್ದು ನನ್ನ ಅನುಭವವಲ್ಲ, ಬೆಟ್ಟದ ಮಾದಪ್ಪನೇ ಇರಬೇಕು ಅನ್ನಿಸಿತು.

ಅನ್ನಿಸಿದ್ದು ಸರಿ. ಅಷ್ಟಕ್ಕೇ ನಿಲ್ಲಿಸಿ ಪುಸ್ತಕ ಓದಿದ್ದರೆ ನಾನು ಬುದ್ಧಿವಂತೆ. ಮಾರನೆಯ ದಿನ ರಜೆ ಹಾಕಿ, ಯಾರಿಗೂ ಹೇಳದೆ, ಬೆಟ್ಟದ ಬಸ್ಸು ಹತ್ತಿದೆ. ಪರೀಕ್ಷೆಗೆ ಇನ್ನು ಒಂದೇ ವಾರ.

ಕೈಮುಗಿದು ಬರುವುದಷ್ಟೇ ಉದ್ದೇಶ. ಆದರೆ ಬಸ್ಸು ಘಾಟಿಯಲ್ಲಿ ತಿರುವು ತಿರುವಿಗೂ ಹೊರಳುವಾಗ ನನ್ನ ತಲೆಯೂ ಹೊರಳಿತು. ಹರಕೆ ಪಾಸಾದ ಮೇಲೆ ಎಂದಿದ್ದಾರೆ ಅತ್ತೆ. ಪಾಸಾದ ಮೇಲೆ ಕೊಡುವುದರಲ್ಲಿ ಏನು ಹೆಚ್ಚುಗಾರಿಕೆ? ನಮ್ಮ ನರ್ಸಿಂಗ್ ಹೋಮಿನಲ್ಲಿ ಅಡ್ವಾನ್ಸ್ ಕಟ್ಟದೆ ನಾವೇ ಅಡ್ಮಿಟ್ ಮಾಡಿಕೊಳ್ಳುವುದಿಲ್ಲ. ಈಗಾಗಲೇ ಇಷ್ಟು ಉಪಕಾರ ಮಾಡಿದ ದೇವರ ಹತ್ತಿರ ಕೆಲಸವಾದ ಮೇಲೆ ನೋಡೋಣ ಎಂದರೆ ಏನು ಮರ್ಯಾದೆ? ಮುಂಗಡವಾಗಿಯೇ ಕೊಟ್ಟುಬಿಡೋಣ!

ಮುಡಿ ತೆಗೆಯುವವರು ವಯಸ್ಸಾದವರು, ಅನುಭವಸ್ಥರು. ಜಡೆ ನೋಡಿ ಕೇಳಿದರು. "ಕೆಲ್ಸ ಆಯ್ತಾ ಅವ್ವ?"

"ಆಗುತ್ತೆ."

"ಇನ್ನೂ ಆಗಿಲ್ವಾ? ಅಂಗಾರೆ ಈಗ್ಯಾಕವ್ವ? ಎಂಗಸ್ರು ಮೂರೆಳೆ ಕತ್ತರ್ಸಿ ಕೊಟ್ರೂ ಅಪ್ಪ ಒಪ್ಕತನೆ."

ಮೂರೆಳೆಯಂತೆ! ನಾನು ಯಾರೆಂದುಕೊಂಡರು? "ಅರ್ಧ ಕೋರ್ಸ್ ಮಾತ್ರೆ ತಗೊಂಡ್ರೆ ಕಾಯಿಲೆ ಮರುಕಳಿಸುತ್ತೆ. ಪೂರ್ತಿ ತೆಗೀರಿ" ಎಂದು ತಲೆ ಬಗ್ಗಿಸಿದೆ. ಅವರು ನಿಟ್ಟುಸಿರು ಬಿಟ್ಟು ನೀರು ತಟ್ಟಿದರು. ಹತ್ತು ನಿಮಿಷದಲ್ಲಿ ನಲವತ್ತು ವರ್ಷದ ಜಡೆ ಹೋಯಿತು. ಬೋಳುತಲೆಗೆ ಗಂಧ ಹಚ್ಚಿಕೊಂಡು, ಸೆರಗು ಹೊದ್ದು, ಗೆದ್ದವಳ ಹಾಗೆ ಮನೆಗೆ ಬಂದೆ.

ಅತ್ತೆ ಸೆರಗು ಸರಿಸಿ ನೋಡಿ ಎದೆ ಎದೆ ಬಡಿದುಕೊಂಡರು. "ಅಯ್ಯೋ ನನ್ ಕೂಸೇ! ಇದೇನ್ ಮಾಡ್ಕಂಬಂದೆ! ಪಾಸಾದ್ ಮೇಲೆ ಕನವ್ವ ಕೊಡೋದು!"

"ಅಡ್ವಾನ್ಸ್ ಕೊಟ್ಟಿದ್ದೀನಿ ಅತ್ತೆ."

"ಅಪ್ಪ ಏನ್ ನಿಮ್ ಡಾಕ್ಟ್ರಾ!"

ನಾಗರಾಜು ನನ್ನ ಸುತ್ತ ಒಂದು ಸುತ್ತು ಬಂದು ನೋಡಿ "ತಲೆ ಆಕಾರ ಚೆನ್ನಾಗದೆ" ಎಂದರು. ಮದುವೆಯಾದ ಮೇಲೆ ನನ್ನ ರೂಪದ ಬಗ್ಗೆ ಅವರು ಆಡಿದ ಮೊದಲ ಒಳ್ಳೆಯ ಮಾತು ಅದು.

ಡ್ಯೂಟಿಗೆ ಹೋದರೆ ಹೊಸ ಪೇಚಾಟ. ಪುಟ್ಮಾದಮ್ಮ ಎಂಬ ಮುದುಕಿ ನಮ್ಮಲ್ಲಿ ಕಾಲು ಗಾಯಕ್ಕೆ ಸೇರಿದ್ದಳು. ಇಡೀ ವಾರ ದಿನಕ್ಕೆ ಎರಡು ಸಲ ಅವಳ ಹೆಸರು, ಹುಟ್ಟಿದ ದಿನ ಕೇಳಿ ಪ್ರಾಣ ತಿಂದಿದ್ದೆ. ನಾನು ಇಂಜೆಕ್ಷನ್ ಹಿಡಿದು ಹತ್ತಿರ ಹೋದದ್ದೇ ಕೈ ಎಳೆದುಕೊಂಡಳು.

"ನೀನ್ಯಾರವ್ವ?"

"ನಾನೇ ಅಜ್ಜಿ, ಮಾದೇವಮ್ಮ ಸಿಸ್ಟರ್."

"ಆ ಸಿಸ್ಟರ್‌ಗೆ ಇಷ್ಟುದ್ದ ಜಡೆ ಅದ. ನೀ ಮೊದ್ಲು ನಿನ್ ಎಸ್ರೇಳು, ಊರೇಳು, ಉಟ್ಟಿದ್ ದಿನ ಏಳು. ಆಮೇಲೆ ಚುಚ್ಚುವಂತೆ."

ವಾರ್ಡಿಗೆ ವಾರ್ಡೇ ನಕ್ಕಿತು. ನಾನು ನಿಂತು ಹೆಸರು, ಊರು, ಜೂನ್ ಒಂದು ಎಂದು ಒಪ್ಪಿಸಿದೆ. ಪುಟ್ಮಾದಮ್ಮ ಯೋಚಿಸಿ, "ಸ್ಟೆಲ್ಲನ್ನೇ ಕರಿ" ಎಂದಳು.

ಇಷ್ಟಾದರೂ ನನಗೆ ಹೊಳೆಯಲಿಲ್ಲ ನೋಡಿ! ಒಬ್ಬ ಓದುಬರಹ ಬಾರದ ಮುದುಕಿ ನನ್ನ ಮುಂದೆ ಪ್ರಶ್ನೆಪತ್ರಿಕೆ ಬಿಚ್ಚಿಟ್ಟಿದ್ದಳು. ನಾನು ಮಾತ್ರ ಸೆರಗು ಸರಿಪಡಿಸಿಕೊಂಡು ಮುಂದಿನ ಹಾಸಿಗೆಗೆ ಹೋದೆ.

ಪರೀಕ್ಷೆ ಬೆಂಗಳೂರಿನಲ್ಲಿ, ಮಧ್ಯಾಹ್ನ. ಹನೂರಿನಿಂದ ಮೊದಲ ಬಸ್ಸಿಗೆ ಹೊರಟೆವು, ನಾನು ಮತ್ತು ನಾಗರಾಜು. ಹೊರಡುವಾಗ ಅತ್ತೆ ಹಿಡಿದು ಕೂರಿಸಿ, "ಬೋಳ್ ತಲೆಗೆ ಕಾವೇರ್ತದೆ, ಓದಿದ್ದು ಮರ್ತೋಯ್ತದೆ" ಎಂದು ಒಂದು ಬೊಗಸೆ ಹರಳೆಣ್ಣೆ ತಲೆಗೆ ತಟ್ಟಿದರು. ಬೆಂಗಳೂರು ತಲುಪುವವರೆಗೆ ನನ್ನ ಪಕ್ಕದ ಸೀಟಿನಲ್ಲಿ ಗಂಡನನ್ನು ಬಿಟ್ಟು ಬೇರೆ ಯಾರೂ ಕೂರಲಿಲ್ಲ.

ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಒಬ್ಬ ಹುಡುಗಿ ಕಂಪ್ಯೂಟರ್ ಮುಂದೆ ಕೂತಿದ್ದಳು. ಬಲು ವಿನಯ. "ಮ್ಯಾಮ್, ತಲೆ ಮೇಲಿನ ಬಟ್ಟೆ ತೆಗೀಬೇಕು."

ತೆಗೆದೆ. ಹುಡುಗಿ ಪಾಸ್‌ಪೋರ್ಟ್ ನೋಡಿದಳು. ನನ್ನನ್ನು ನೋಡಿದಳು. ಪಾಸ್‌ಪೋರ್ಟಿನಲ್ಲಿ ಎರಡೂ ಭುಜದ ಮೇಲೆ ಇಳಿಬಿದ್ದ ಕೂದಲಿನ, ತುಂಬಿದ ಕೆನ್ನೆಯ ಒಬ್ಬ ಹೆಂಗಸು ಇದ್ದಳು. ಎದುರಿಗೆ ಎಣ್ಣೆ ಸುರಿಯುವ ಒಂದು ಬುರುಡೆ ಇತ್ತು.

"ಮ್ಯಾಮ್, ಇದು ನೀವಾ?"

"ನಾನೇ."

ಕ್ಯಾಮೆರಾ ಮುಂದೆ ನಿಲ್ಲಿಸಿದಳು. ಕ್ಯಾಮೆರಾ ಕೆಂಪು ದೀಪ ಹಚ್ಚಿತು. ಮತ್ತೆ ನಿಲ್ಲಿಸಿದಳು. ಮತ್ತೆ ಕೆಂಪು. ನನ್ನ ಹಿಂದೆ ಸಾಲಿನಲ್ಲಿದ್ದ ಹುಡುಗಿಯರು ಒಬ್ಬೊಬ್ಬರೇ ನನ್ನನ್ನು ದಾಟಿಕೊಂಡು ಒಳಗೆ ಹೋದರು. ಆಧಾರ್ ಕಾರ್ಡ್ ಕೊಟ್ಟೆ. ಆಧಾರಿನ ಫೋಟೋ ಕೂದಲಿದ್ದಾಗಲೂ ನನ್ನ ಹಾಗೆ ಇರಲಿಲ್ಲ, ಈಗ ಕೇಳಬೇಕೇ! ಹುಡುಗಿ ಮೇಲ್ವಿಚಾರಕರನ್ನು ಕರೆದಳು. ಕನ್ನಡಕದ ಗಂಭೀರ ಮನುಷ್ಯ. "ಬೇರೆಯವರ ಹೆಸರಲ್ಲಿ ಬರೆಯೋಕೆ ಬರ್ತಾರಮ್ಮ. ನಾವು ಖಚಿತ ಮಾಡ್ಕೋಬೇಕು" ಎಂದರು. ಬಾಗಿಲು ಮುಚ್ಚಲು ಹನ್ನೆರಡು ನಿಮಿಷ ಇತ್ತು.

"ನನ್ನ ಗಂಡ ಕೆಳಗಿದ್ದಾರೆ ಸಾರ್. ಅವರನ್ನೇ ಕೇಳಿ" ಎಂದೆ.

"ಸಂಬಂಧಿಕರು ಹೇಳಿದರೆ ಲೆಕ್ಕಕ್ಕಿಲ್ಲ" ಎಂದರು. ಆದರೂ ನನ್ನ ಮುಖ ನೋಡಿ ಕರೆಸಿದರು.

ನಾಗರಾಜು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದರು. "ಇವ್ಳು ನನ್ ಎಂಡ್ತಿನೇ ಸಾ. ಅದಿನೆಂಟ್ ವರ್ಸದಿಂದ ಇವ್ಳೇ."

"ಇವರ ಹುಟ್ಟಿದ ದಿನ?"

"ಜೂನ್ ಒಂದು ಸಾ."

ಸರಿಯಾಗಿತ್ತು! ನನಗೇ ಆಶ್ಚರ್ಯ. ಮೇಲ್ವಿಚಾರಕರು ನಾಗರಾಜುವಿನ ಆಧಾರನ್ನೂ ಕೇಳಿ ಪಡೆದರು. ಓದಿ ಹುಬ್ಬೇರಿಸಿದರು. "ನಿಮ್ಮದೂ ಜೂನ್ ಒಂದು?"

"ನಮ್ಮೂರಲ್ ಎಲ್ರುದೂ ಜೂನ್ ಒಂದೇ ಸಾ. ನಮ್ಮವ್ವುಂದೂ ಜೂನ್ ಒಂದೇಯ."

"ಇವರ ಹೆಸರು?"

"ಮಾದೇವಮ್ಮ. ನಮ್ ಕಡೆ ಎಲ್ರೂ ಮಾದೇವಮ್ಮನೇ ಸಾ" ಎಂದು ಗಂಡ ಸಹಾಯ ಮಾಡಿದರು!

ಮೇಲ್ವಿಚಾರಕರು ಎರಡೂ ಆಧಾರ್ ಕಾರ್ಡುಗಳನ್ನು ವಾಪಸು ಕೊಟ್ಟರು. ಮುಖ ಪರಿಚಯ ನಡೆಯಲಿಲ್ಲ. ಸಂಬಂಧಿಕರು ನಡೆಯಲಿಲ್ಲ. ನಾನು ಮೊದಲ ಪರೀಕ್ಷೆಯಲ್ಲಿ ಒತ್ತಿಬಂದ ತಪ್ಪು ಉತ್ತರಗಳೆಲ್ಲ ಒಂದೊಂದಾಗಿ ಎದ್ದುಬಂದು ನನ್ನ ಮುಂದೆ ಬಾಗಿಲು ಹಾಕುತ್ತಿದ್ದವು. ಈ ಕನ್ನಡಕದವರು ಮಾಡುತ್ತಿದ್ದುದು ಏನು? ಇನ್ಸುಲಿನ್ ಹಿಡಿದು ಹೋದ ಆ ಬೆಳಿಗ್ಗೆ ನಾನು ಅಜ್ಜೀಪುರದ ಮಹದೇವಮ್ಮನಿಗೆ ಮಾಡಿದ್ದನ್ನೇ. ಬೈಯೋಣವೆಂದರೆ ಅವರದು ತಪ್ಪಲ್ಲ. ಅಳು ಬಂತು.

"ಹೆಬ್ಬೆರಳು ಇಡಿ, ಆಧಾರಿಗೆ ಹೊಂದುತ್ತಾ ಕೊನೇದಾಗಿ ನೋಡೋಣ" ಎಂದರು. ಇಟ್ಟೆ. ಹಿಡಿಯಲಿಲ್ಲ. ಹದಿನಾಲ್ಕು ವರ್ಷ ಸ್ಪಿರಿಟು, ಸೋಪು, ಬ್ಲೀಚಿಂಗ್ ನೀರಿನಲ್ಲಿ ತೊಳೆದ ಬೆರಳು, ಗೆರೆಗಳೇ ಸವೆದಿದ್ದವು. ಮತ್ತೆ ಇಟ್ಟೆ. ಹಿಡಿಯಲಿಲ್ಲ. ಇನ್ನು ಐದು ನಿಮಿಷ.

ನಾಗರಾಜು ಹಿಂದಿನಿಂದ ಮೆಲ್ಲಗೆ ಹೇಳಿದರು. "ಮಾದೇವಿ, ಸೊಸೈಟಿಲಿ ಅವ್ವ ಮಾಡ್ತದಲ್ಲ, ಅಂಗ್ ಮಾಡು."

ನಾನು ಓದಿದವಳು. ಪಕ್ಕಕ್ಕೆ ತಿರುಗಿ ನಿಲ್ಲುತ್ತಿದ್ದವಳು. ಆ ಹವಾನಿಯಂತ್ರಿತ ಕೋಣೆಯಲ್ಲಿ, ಆ ವಿನಯದ ಹುಡುಗಿಯ ಕಣ್ಣೆದುರಿಗೇ, ಹೆಬ್ಬೆರಳನ್ನು ಹರಳೆಣ್ಣೆಯ ಬೋಳುತಲೆಗೆ ಗಸಗಸ ಉಜ್ಜಿ ಮಿಷನ್ನಿನ ಮೇಲೆ ಒತ್ತಿದೆ.

ಹಸಿರು ದೀಪ!

ಒಳಗೆ ಹೋಗಿ ಕೂತೆ. ಹನ್ನೊಂದನೆಯ ಪ್ರಶ್ನೆ ಅದೇ ಬಂತು. ಔಷಧಿ ಕೊಡುವ ಮೊದಲು ರೋಗಿಯ ಗುರುತನ್ನು ಹೇಗೆ ಖಚಿತಪಡಿಸಿಕೊಳ್ಳುವಿರಿ? ಮುಖ ಪರಿಚಯ, ಸಂಬಂಧಿಕರು, ಹಾಸಿಗೆ ನಂಬರು ಎಲ್ಲವೂ ಸಾಲಾಗಿ ಕೂತಿದ್ದವು. ಗಟ್ಟಿಯಾಗಿ ನಕ್ಕುಬಿಟ್ಟೆ. ಕಾವಲಿಗಿದ್ದವರು ಬಂದು ಸುಮ್ಮನಿರಲು ಹೇಳಿದರು. ಆ ಜಾತಿಯ ಪ್ರಶ್ನೆ ಒಂದೂ ತಪ್ಪಲಿಲ್ಲ.

ಪಾಸಾದೆ. ರೋಗಿಯ ಸುರಕ್ಷತೆ, ಅತ್ಯುತ್ತಮ ಎಂದು ಬಂತು. ಈ ಸಲ ರಿಸಲ್ಟನ್ನು ನಾಲ್ಕು ಸಲ ಓದಿ, ನನ್ನ ಹೆಸರು, ಹುಟ್ಟಿದ ದಿನ ತಾಳೆ ನೋಡಿ, ಆಮೇಲೆ ಬಾಯಿ ಬಿಟ್ಟೆ. ಆ ಕಾಗದದ ಮೇಲೆ ಯಾರ ಹೆಂಡತಿ, ಯಾರ ಸೊಸೆ ಎಂದು ಏನೂ ಇರಲಿಲ್ಲ. ಬರೀ ಮಹದೇವಮ್ಮ. ಅಡಿಗೆಮನೆಯಲ್ಲಿ ಕೂತು ಸಮಾಧಾನವಾಗುವಷ್ಟು ಅತ್ತುಬಿಟ್ಟೆ.

ವೀಸಾಕ್ಕೆ ಹೊಸ ಫೋಟೋ ಬೇಕು, ಈಗ ಹೇಗಿದ್ದೀರೋ ಹಾಗೆ ತೆಗೆಸಿ ಎಂದು ಗಲ್ಫಿಗೆ ಕಳಿಸುವ ಏಜೆನ್ಸಿಯವರು ಹೇಳಿದರು. ಅಷ್ಟು ಹೊತ್ತಿಗೆ ತಲೆಯ ಮೇಲೆ ರಾಗಿ ಪೈರು ಮೊಳೆತಷ್ಟು ಕೂದಲು ಬಂದಿತ್ತು. ಪರವಾಗಿಲ್ಲ, ಫ್ಯಾಷನ್ ಅಂದುಕೊಳ್ಳಲಿ ಎಂದು ಸ್ಟುಡಿಯೋಗೆ ಹೊರಟೆ. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಮೊದ್ಲು ಬೆಟ್ಟಕ್ಕೋಗ್ಬೇಕು. ಅರ್ಕೆ ತೀರ್ಸ್ಬೇಕು."

"ಕೊಟ್ಟಾಯ್ತಲ್ಲ ಅತ್ತೆ!"

"ಅದು ನೀನಾಗೇ ಓಗಿ ಕೊಟ್ಟದ್ದು. ನಾ ಕಟ್ಕಂಡಿದ್ ಅರ್ಕೆ ಅಂಗೇ ಅದ. ಪಾಸಾದ್ ಮೇಲೆ ಅಂದಿದ್ದಿ, ಅಪ್ಪ ಪಾಸ್ ಮಾಡ್ಸವ್ನೆ."

"ಆ ಅಡ್ವಾನ್ಸನ್ನೇ ಇದಕ್ಕೆ ಹಿಡ್ಕೊಳ್ಳಲಿ!"

ಅತ್ತೆ ಸೊಂಟದ ಮೇಲೆ ಕೈಯಿಟ್ಟರು. "ನಿಮ್ಮಾಸ್ಪತ್ರೇಲಿ ಯಾವತ್ತಾರ ಅಡ್ವಾನ್ಸ್ ವಾಪಸ್ ಕೊಟ್ಟಿದ್ರಾ?"

ಹದಿನಾಲ್ಕು ವರ್ಷದ ಸರ್ವೀಸಿನಲ್ಲಿ ನಾನು ಅಂಥದ್ದನ್ನು ಕಂಡಿರಲಿಲ್ಲ. ಬಸ್ಸು ಹತ್ತಿದೆ. ಅದೇ ವಯಸ್ಸಾದವರು, ಅದೇ ನಿಟ್ಟುಸಿರು. "ಕೆಲ್ಸ ಆಯ್ತಾ ಅವ್ವ?" ಎಂದರು. ಆಯಿತು ಎಂದೆ. ಹಾಗಾಗಿ ಈಗ ನನ್ನ ವೀಸಾದ ಮೇಲೆ ನುಣ್ಣನೆಯ ಬುರುಡೆಯ ಚಿತ್ರವಿದೆ. ಇನ್ನು ಕೂದಲು ಬೆಳೆಯುತ್ತದೆ. ಅಲ್ಲಿ ಯಾವ ಬಾಗಿಲಿಗೆ ಹೋದರೂ "ಮ್ಯಾಮ್, ಇದು ನೀವಾ?" ಎಂದು ಕೇಳುತ್ತಾರೆ.

ನರ್ಸಿಂಗ್ ಹೋಮಿನವರು ಮತ್ತೆ ಬೀಳ್ಕೊಡುಗೆ ಮಾಡಿದರು. ಶಾಲು ಇರಲಿಲ್ಲ, ಹಾರ ಇರಲಿಲ್ಲ. ಗಡಿಯಾರವನ್ನು ಗೋಡೆಯಿಂದ ಇಳಿಸಿ, ಧೂಳು ಒರೆಸಿ, ಬಣ್ಣದ ಕಾಗದ ಸುತ್ತಿ ಮತ್ತೆ ಅದನ್ನೇ ಕೊಟ್ಟರು. ಪುಟ್ಮಾದಮ್ಮ ಬ್ಯಾಂಡೇಜ್ ಬದಲಿಸಲು ಬಂದಿದ್ದವಳು ಚಪ್ಪಾಳೆ ತಟ್ಟುತ್ತಾ, ಪಕ್ಕದವಳನ್ನು "ಯಾರವ್ವ ಇದು ಓಯ್ತಿರೋದು?" ಎಂದು ಕೇಳುತ್ತಿದ್ದಳು.

ಮನೆಗೆ ಬಂದು ನೋಡಿದರೆ ಅತ್ತೆ ನನ್ನ ಸೂಟ್‌ಕೇಸಿನಲ್ಲಿ ಒಂದು ಬಾಟಲಿ ಹರಳೆಣ್ಣೆಯನ್ನು ಸೀರೆಯಲ್ಲಿ ಸುತ್ತಿ ಇಡುತ್ತಿದ್ದರು. "ಆ ದೇಸದಲ್ಲಿ ಯಾರಾರ ನೀ ಯಾರು ಅಂದ್ರೆ ದಿಗಿಲ್ ಬೀಳ್ಬೇಡ ಕನವ್ವ. ತಲೆಗ್ ಉಜ್ಜಿ ಒತ್ತು" ಎಂದರು. ನಾನು ಆಗಲಿ ಅತ್ತೆ ಎಂದು, ಮುಚ್ಚಳ ಬಿಗಿಯಾಗಿದೆಯೇ ಎಂದು ಇನ್ನೊಮ್ಮೆ ತಿರುಗಿಸಿ ನೋಡಿ, ಬಾಟಲಿಯನ್ನು ಲೈಸೆನ್ಸಿನ ಪಕ್ಕದಲ್ಲೇ ಇಟ್ಟೆ.